ಎರಡು ಕಿಲೋ

ಜೂನ್ 9, ಸೋಮವಾರ

ತಿಂದದ್ದನ್ನೆಲ್ಲ ಬರೆದಿಡಬೇಕಂತೆ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಸಪ್ನಾ ಎಂಬ ಹುಡುಗಿಯ ಅಪ್ಪಣೆ. ನನ್ನ ಹೊಟ್ಟೆ ನೋಡಿ ನಗಲಿಲ್ಲ, ಅದೇ ಅವಳ ದೊಡ್ಡತನ. ಸರಿ, ಬರೆಯೋಣ. ಬೆಳಗ್ಗೆ ಉಪ್ಪಿಟ್ಟು, ಮೇಲೆ ಶೇವು. ಹುಬ್ಬಳ್ಳಿಯಲ್ಲಿ ಬಸ್ಸಿಳಿದು ಗಿರ್ಮಿಟ್ಟು. ಶಾಂಭವಿ ತನ್ನ ಪ್ಲೇಟಿನಲ್ಲಿ ಅರ್ಧ ಬಿಟ್ಟಳು, ಅನ್ನ ಚೆಲ್ಲಬಾರದು ಅಂತ ಅದನ್ನೂ ನಾನೇ ತಿಂದೆ. ಹೆಂಡತಿಯ ಪ್ಲೇಟಿನದು ನನ್ನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಸಪ್ನಾಳನ್ನು ಕೇಳಬೇಕು.

ಬರೆಯುವ ಹೊತ್ತಿಗೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ಲಕ್ಷ್ಮೇಶ್ವರಕ್ಕೆ ಕೊಟ್ಟ ನಮ್ಮ ಅಕ್ಕ ಸುಮಿತ್ರವ್ವನ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಗದಗಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾಳೆ. ಆಕೆಯ ಗಂಡ ಪುಂಡಲೀಕಪ್ಪ ಮಾವನಿಗೆ ಸಕ್ಕರೆ ಕಾಯಿಲೆ, ಅವರ ಮಗಳು ಬಸುರಿ. ಒಂದು ಮೂತ್ರಪಿಂಡ ಕೊಡಲು ಉಳಿದವನು ನಾನು. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಇವತ್ತು ಡಾಕ್ಟರರು ಕಾಟಾ ಮೇಲೆ ನಿಲ್ಲಿಸಿದರು. ತೊಂಬತ್ತೆಂಟು.

"ಎಂಬತ್ತೈದರ ಕೆಳಗೆ ಬಂದರಷ್ಟೇ ಆಪರೇಷನ್. ಇಷ್ಟು ತೂಕಕ್ಕೆ ಒಂದೇ ಮೂತ್ರಪಿಂಡ ಬಿಟ್ಟು ಕಳಿಸಿದರೆ ನಾಳೆ ನೀವೂ ಅವರ ಪಕ್ಕದ ಮಂಚಕ್ಕೆ ಬರುತ್ತೀರಿ," ಅಂದರು. ಅಕ್ಟೋಬರದವರೆಗೆ ವಾಯಿದೆ.

ಗದಗ ಎಪಿಎಂಸಿಯಲ್ಲಿ ನನ್ನದು ದಲಾಲಿ ಅಂಗಡಿ. ಶೇಂಗಾ, ಹೆಸರು, ಮೆಣಸಿನಕಾಯಿ. ತೂಕ ಕಡಿಮೆ ಅಂತ ಎಷ್ಟೋ ಮಾಲು ತಿರುಗಿ ಕಳಿಸಿದ್ದೇನೆ. ತೂಕ ಜಾಸ್ತಿ ಅಂತ ಮಾಲು ವಾಪಸ್ ಬಂದದ್ದು ಇದೇ ಮೊದಲು, ಅದೂ ನಾನೇ.

ಜೂನ್ 11, ಬುಧವಾರ

ಅದ್ಭುತ! ಬೆಳಗ್ಗೆ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಮೇಲೆಯೇ ನಿಂತೆ. ತೂಗುವವನು ನಮ್ಮ ಹಮಾಲ ಹುಲಿಗೇಶ. ಅಂಕಿ ಕಾಣುವ ಡಬ್ಬಿ ಅವನ ಕಡೆ ಮುಖ ಮಾಡಿದೆ. ಅವನು ಕೂಗುತ್ತಾನೆ, ನಾನು ಗಾದಿಯ ಮೇಲೆ ಕೂತು ಬರೆದುಕೊಳ್ಳುತ್ತೇನೆ. ಅಂಗಡಿ ಹಾಕಿದಾಗಿನಿಂದ ಇದೇ ರೂಢಿ, ಕಾಟಾ ನೋಡಿದವನಲ್ಲ ನಾನು, ಕೇಳಿದವನು.

"ತೊಂಬತ್ತಾರೋ…" ಅಂತ ಇಡೀ ಓಣಿಗೆ ಕೇಳುವ ಹಾಗೆ ಕೂಗಿದ. ಒಂದು ದಿನ ಹೊಟ್ಟೆ ಕಟ್ಟಿದ್ದಕ್ಕೆ ಎರಡು ಕಿಲೋ! ಹೀಗಾದರೆ ಪಂಚಮಿಯೊಳಗೆ ಮುಗಿದೇ ಹೋಯಿತು.

ಇವತ್ತಿನ ಊಟ: ಕಡಕ್ ರೊಟ್ಟಿ. ಬಿಸಿ ರೊಟ್ಟಿ ಬಿಟ್ಟು ಕಡಕ್ ರೊಟ್ಟಿಗೆ ಬಂದದ್ದು ನನ್ನದೇ ಉಪಾಯ. ಹಪ್ಪಳದಂಥ ರೊಟ್ಟಿಗೆ ತೂಕವೆಲ್ಲಿ? ಆರು ತಿಂದೆ, ಶೇಂಗಾ ಚಟ್ನಿಪುಡಿ ಮತ್ತು ಕೆನೆಮೊಸರಿನ ಜೊತೆ.

ಜೂನ್ 14, ಶನಿವಾರ

ಸಪ್ನಾಳಿಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದೆ. ಅವಳೂ ನಮ್ಮ ಕಡೆಯ ಹುಡುಗಿ, ಮುಂಡರಗಿಯವಳು.

"ಕಾಕಾರ, ಆರು ಕಡಕ್ ರೊಟ್ಟಿ ಅಂದ್ರ ಆರು ರೊಟ್ಟೀನ ರೀ. ಒಣಗಿದ್ರ ನೀರು ಹೋಗಿರ್ತೈತಿ, ಜೋಳ ಎಲ್ಲಿ ಹೋಗ್ತೈತ್ರಿ?"

ಮಾಲು ಒಣಗಿದರೆ ತೇವ ಹೋಗುತ್ತದೆ, ಕಾಳು ಹೋಗುವುದಿಲ್ಲ. ದಿನಾ ರೈತರಿಗೆ ನಾನೇ ಹೇಳುವ ಮಾತು! ಇನ್ನು ಮೇಲೆ ಎರಡೇ ರೊಟ್ಟಿ, ಪಲ್ಯ ಬೇಕಾದಷ್ಟು, ಹೆಸರುಕಾಳು, ಎಣ್ಣೆ ಕಾಣದ ಹಾಗೆ. ನೀರು ದಿನಕ್ಕೆ ಮೂರು ಲೀಟರ್. ಬೆಳಗ್ಗೆ ಒಂದು ತಾಸು ಬಿರುಸಾಗಿ ನಡಿಗೆ.

ಜೂನ್ 19, ಗುರುವಾರ

ಭೀಷ್ಮ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದೇನೆ, ಜೊತೆಗೆ ಶಾಂಭವಿ. ಅವಳು ಮುಂದೆ, ನಾನು ಹಿಂದೆ. ಮದುವೆಯಾದ ಮೇಲೆ ಹೀಗೆ ಇಬ್ಬರೇ ನಡೆದದ್ದು ನೆನಪಿಲ್ಲ.

"ಎಮ್ಮಿ ಹಿಂದ ಬಂದಂಗ ಬರಬ್ಯಾಡ್ರಿ, ಜಲ್ದಿ ಕಾಲ ತಗೀರಿ," ಅನ್ನುತ್ತಾಳೆ. ತೊಡೆ ಉರಿಯುತ್ತದೆ, ಮೀನಖಂಡ ಕಲ್ಲಾಗಿದೆ. ಆದರೆ ಒಂದು ವಿಚಿತ್ರ: ಮೊದಲ ಸುತ್ತು ಮುಗಿದ ಮೇಲೆ ಏದುಸಿರು ತಾನೇ ಇಳಿಯುತ್ತದೆ. ಯಾಕೆ? ಮನೆಯ ಮೆಟ್ಟಿಲು ಹತ್ತುವಾಗ ಏಕೆ ಇಳಿಯುವುದಿಲ್ಲ?

ಇನ್ನೊಂದು: ಹಸಿವೆಗೆ ಗಡಿಯಾರ ಗೊತ್ತು. ಸರಿಯಾಗಿ ಮಾರ್ಕೆಟ್ಟಿನಲ್ಲಿ ಮಿರ್ಚಿ ಕರಿಯುವ ಹೊತ್ತಿಗೇ ಬರುತ್ತದೆ. ಒಂದು ಚಂಬು ನೀರು ಕುಡಿದು ಅರ್ಧ ತಾಸು ಸುಮ್ಮನೆ ಕೂತರೆ ಹೋಗಿಬಿಡುತ್ತದೆ. ಇಷ್ಟು ವರ್ಷ ಕರೆದ ಕೂಡಲೇ ಎದ್ದು ಹೋಗುತ್ತಿದ್ದೆನಲ್ಲ, ಅದು ಸುಮ್ಮನೆ ಕರೆದು ನೋಡುತ್ತಿತ್ತೋ ಏನೋ.

ಜೂನ್ 27, ಶುಕ್ರವಾರ

ಅಕ್ಕ ಡಯಾಲಿಸಿಸ್ ಮುಗಿಸಿ ಮನೆಗೆ ಬಂದಿದ್ದಳು. ಹೀಗೆ ಬಂದು ಒಂದಿಷ್ಟು ಅಡ್ಡಾಗಿ, ಸಂಜೆ ಬಸ್ಸಿಗೆ ಮಾವನ ಜೊತೆ ಲಕ್ಷ್ಮೇಶ್ವರಕ್ಕೆ ಹೋಗುತ್ತಾಳೆ. ಮೊದಲೆಲ್ಲ ಹೊಸಲು ದಾಟುವ ಮೊದಲೇ "ಉಂಡೇನಲೇ ಚನ್ನಾ?" ಅಂತ ಕೇಳುತ್ತಿದ್ದಳು. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು, ತನ್ನ ಪಾಲಿನ ಬೆಣ್ಣೆಯನ್ನೂ ನನಗೇ ತಿನ್ನಿಸಿದವಳು. ಈಗ ಕೇಳುವುದಿಲ್ಲ. ನನ್ನ ತಾಟಿನ ಕಡೆ ನೋಡಿದಳು, ತಿರುಗಿ ಗೋಡೆಯ ಕಡೆ ನೋಡಿದಳು.

"ನಿನಗ ತಿನ್ನಿಸಿ ತಿನ್ನಿಸಿ ಹೊಟ್ಟಿ ಬೆಳಿಸಿದಾಕಿ ನಾನ. ಈಗ ನನ್ನ ಸಲುವಾಗೇ ಇಳಸಾಕ ಹತ್ತಿ."

"ಬಡ್ಡಿ ಸಮೇತ ತೀರಸ್ತೇನವಾ," ಅಂದೆ.

ಆಕೆಗೂ ಕಾಟಾ ಇದೆ ಅಂತ ಇವತ್ತು ಗೊತ್ತಾಯಿತು. ಯಂತ್ರಕ್ಕೆ ಹಚ್ಚುವ ಮೊದಲು ಒಮ್ಮೆ, ಬಿಚ್ಚಿದ ಮೇಲೆ ಒಮ್ಮೆ ತೂಗುತ್ತಾರೆ. ಮೂತ್ರ ಹೋಗದಿರುವುದರಿಂದ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ.

"ನಾಕ ತಾಸಿನ್ಯಾಗ ಎರಡ ಕಿಲೋ ಇಳಸ್ತಾರ ನನಗ. ನೀ ನೋಡಿದ್ರ ವಾರಗಟ್ಟಲೆ ಕೆರಿ ಸುತ್ತಾಕ ಹತ್ತಿ," ಅಂತ ನಕ್ಕಳು.

ಅವಳ ಚೀಲದಲ್ಲಿ ಒಂದು ಸಣ್ಣ ಸ್ಟೀಲ್ ಲೋಟ ಇದೆ, ಮಕ್ಕಳಿಗೆ ಹಾಲು ಕುಡಿಸುವಂಥದು. ಅದರಿಂದ ಅಳೆದು ಕುಡಿಯಬೇಕು. ಕುಡಿಯುವುದಲ್ಲ, ಬಾಯಿ ಒದ್ದೆ ಮಾಡಿಕೊಳ್ಳುವುದು. ಊಟಕ್ಕೆ ಉಪ್ಪೂ ಇಲ್ಲ. "ಉಪ್ಪ ತಿಂದವ ನೀರ ಕುಡೀಬೇಕಂತ ಹೇಳ್ತಾರ. ನನಗ ಉಪ್ಪೂ ಇಲ್ಲ, ನೀರೂ ಇಲ್ಲ. ಯಾವ ತಪ್ಪೂ ಮಾಡಿಲ್ಲ ಅಂದಂಗಾತಲ್ಲ," ಅಂದಳು.

ಆಗ ನನ್ನ ಕೈಯಲ್ಲಿ ತುಂಬಿದ ಚಂಬು ಇತ್ತು. ಗಟಗಟ ಕುಡಿದೇ ಬಿಟ್ಟೆ. ಮೂರು ಲೀಟರ್ ಆಗಬೇಕಲ್ಲ. ಶಾಂಭವಿ ಕಣ್ಣು ಬಿಟ್ಟು ನೋಡಿದಳು, ಯಾಕೆಂದು ಕೇಳಬೇಕೆಂದುಕೊಂಡು ಮರೆತೆ.

ಜುಲೈ 12, ಶನಿವಾರ

ತೊಂಬತ್ತೆರಡು. ಪೈಜಾಮದ ಲಾಡಿ ಒಂದು ಗೇಣು ಉದ್ದವಾಗಿದೆ.

ಒಂದು ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿತ್ತು. ಅಂಗಡಿಯಲ್ಲಿ ಅರ್ಧ ಕಿಲೋ ಶೇಂಗಾ ಮಾಯವಾದರೆ ಯಾರು ತಿಂದರು ಅಂತ ಕೇಳುತ್ತೇನೆ. ನನ್ನೊಳಗಿನ ಮಾಲು ಇಷ್ಟು ಕಡಿಮೆಯಾಗಿದೆ, ಯಾವ ಬಾಗಿಲಿನಿಂದ ಹೋಯಿತು? ಬೆವರೇ? ಸಪ್ನಾ ಹೇಳಿದ್ದು ಕೇಳಿ ದಂಗಾದೆ. ಕರಗಿದ ಕೊಬ್ಬು ಬಹುಪಾಲು ಉಸಿರಿನಲ್ಲಿ ಹೋಗುತ್ತದಂತೆ.

ಬೆಳಗ್ಗೆ ಕೆರೆ ದಂಡೆಯ ಮೇಲೆ ನಿಂತು ದೊಡ್ಡದಾಗಿ ಉಸಿರು ಬಿಟ್ಟೆ. "ಏನ್ರಿ ಅದು?" ಅಂದಳು ಶಾಂಭವಿ. "ನಿನ್ನ ತಮ್ಮನ ಲಗ್ನದಾಗ ತಿಂದ ಹೋಳಿಗಿ," ಅಂದೆ. ದಂಡೆಯ ಕಟ್ಟೆ ಹಿಡಿದುಕೊಂಡು ನಕ್ಕಳು. ಚೆಂದ ನಗುತ್ತಾಳೆ.

ಜುಲೈ 29, ಮಂಗಳವಾರ. ಪಂಚಮಿ

ಅಕ್ಕನನ್ನು ನಾನೇ ಹೋಗಿ ಕರೆತಂದೆ. ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆಯದಿದ್ದರೆ ಹೇಗೆ? ಶಾಂಭವಿ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಎಲ್ಲ ಮಾಡಿ ನೈವೇದ್ಯ ತೋರಿಸಿ ತಾಟು ನಡುವೆ ಇಟ್ಟಳು. ಒಂದು ಕಡೆ ನಾನು, ಒಂದು ಕಡೆ ಅಕ್ಕ. ನನಗೆ ತೂಕದ ಭಯ, ಆಕೆಗೆ ಶೇಂಗಾ, ಎಳ್ಳು ವಿಷ. ಇಬ್ಬರೂ ಉಂಡಿಗಳನ್ನು ನೋಡುತ್ತಾ ಕೂತೆವು.

"ಮೂಸಿ ನೋಡಿದ್ರ ತೂಕ ಬರ್ತೈತೇನ?" ಅಂದಳು ಅಕ್ಕ.

"ಸಪ್ನಾನ್ನ ಕೇಳಬೇಕು."

ಇಬ್ಬರೂ ಒಂದೊಂದು ಉಂಡಿ ಹಿಡಿದು ಮೂಸಿದೆವು. ಬೆಲ್ಲ, ಯಾಲಕ್ಕಿ, ಹುರಿದ ಶೇಂಗಾ. ನಕ್ಕೂ ನಕ್ಕೂ ಅಕ್ಕನಿಗೆ ದಮ್ಮು ಹತ್ತಿತು. ಆಮೇಲೆ ಸಣ್ಣ ಲೋಟದಲ್ಲಿ ಒಂದು ಗುಟುಕು ನೀರು ಕುಡಿದು, ಲೋಟದ ಅಂಚನ್ನು ಬೆರಳಿನಿಂದ ಒರೆಸಿ ಆ ಬೆರಳು ತುಟಿಗೆ ಹಚ್ಚಿಕೊಂಡಳು.

ನಾನು ಅಡಿಗೆಮನೆಗೆ ಹೋಗಿ ಕುಡಿದೆ. ಸದ್ದಾಗದ ಹಾಗೆ.

ಆಗಸ್ಟ್ 8, ಶುಕ್ರವಾರ

ಏನೂ ಇಳಿದಿಲ್ಲ. ಎರಡು ವಾರದಿಂದ ಅದೇ ತೊಂಬತ್ತು. ಸಿಟ್ಟಿಗೆ ಮಿರ್ಚಿ ತಿಂದೆ. ನಾಲ್ಕು. ಬರೆಯಲು ನಾಚಿಕೆ.

ಸೆಪ್ಟೆಂಬರ್ 4, ಗುರುವಾರ

ಮತ್ತೆ ಇಳಿಯಿತು, ಎಂಬತ್ತೇಳು. ಇಳಿಯದಿದ್ದದ್ದು ಯಾಕೆ, ಇಳಿದದ್ದು ಯಾಕೆ, ಎರಡೂ ತಿಳಿಯಲಿಲ್ಲ. ಮಾಡಿದ್ದು ಅದೇ: ಎರಡು ರೊಟ್ಟಿ, ಪಲ್ಯ, ಕೆರೆ. ಈಗ ಶಾಂಭವಿಯ ಪಕ್ಕದಲ್ಲೇ ನಡೆಯುತ್ತೇನೆ. ಉಂಗುರ ಬೆರಳಿನಲ್ಲಿ ನಿಲ್ಲದೆ ದೇವರ ಮಾಡದಲ್ಲಿ ಇಟ್ಟಿದ್ದೇನೆ. ಗೊರಕೆಯೂ ನಿಂತಿದೆಯಂತೆ. "ಮೊದಮೊದಲ ಮನ್ಯಾಗ ಯಾರೂ ಇಲ್ಲೇನೋ ಅನ್ನಿಸಿ ಎಚ್ಚರಾಗ್ತಿತ್ತು," ಅಂದಳು.

ಹೆಸರಿನ ಸುಗ್ಗಿ, ಮಾರ್ಕೆಟ್ಟು ತುಂಬಿದೆ. ಹರ್ತಿಯ ರೈತ ಯಂಕಪ್ಪ ಹೆಸರು ತಂದು ಜಗಳ ತೆಗೆದ. ತಾನು ಬಗ್ಗಿ ನೋಡಿದಾಗ ಕಾಟಾದಲ್ಲಿ ಐವತ್ತೆರಡು ಇತ್ತಂತೆ, ಹುಲಿಗೇಶ ಐವತ್ತು ಅಂತ ಕೂಗಿದನಂತೆ. ಹೊಸಬನೇ ಇವನು? ಚೀಲಕ್ಕೆ ಎರಡು ಕಿಲೋ ಸೂಟು ಬಿಟ್ಟು ಕೂಗುವುದು ನಮ್ಮ ಅಂಗಡಿಯ ಪದ್ಧತಿ. ಧೂಳು ಇರುತ್ತದೆ, ತೇವ ಇರುತ್ತದೆ, ಚೀಲದ ತೂಕ ಇರುತ್ತದೆ. ಕಾನೂನಿನಲ್ಲಿ ಇಲ್ಲ ಅನ್ನುತ್ತಾರೆ, ಆದರೆ ಸುತ್ತಲಿನವರೂ ಬಿಡುತ್ತಾರೆ.

"ನನ್ನ ಹೆಸರಿನ್ಯಾಗ ಒಂದು ಕಲ್ಲ ತೋರಸ್ರಿ ಸಾವಕಾರ್ರ. ಎರಡ ಕಿಲೋ ಅಂದ್ರ ನಿಮಗೇನ ಅಲ್ಲ. ಬೆಳದಾಂವಗ ಗೊತ್ತು," ಅಂದ.

ಎರಡು ಕಿಲೋ ಇಳಿಸಲು ಎಷ್ಟು ಸಲ ಕೆರೆ ಸುತ್ತಬೇಕು ಅಂತ ನನಗೂ ಗೊತ್ತು ಅನ್ನಬೇಕೆಂದುಕೊಂಡೆ. ಐವತ್ತು ಅಂತಲೇ ಬರೆದುಕೊಂಡೆ.

ಸೆಪ್ಟೆಂಬರ್ 29, ಸೋಮವಾರ

ಗೆದ್ದೆ! "ಎಂಬತ್ತನಾಕೂವರೀ…" ಅಂತ ಹುಲಿಗೇಶ ಕೂಗಿದಾಗ ಪಕ್ಕದ ಅಂಗಡಿಯವರೂ ಚಪ್ಪಾಳೆ ತಟ್ಟಿದರು. ಎಂಬತ್ತೈದರ ಕೆಳಗೆ! ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. "ಖರೇನೇನೋ ಚನ್ನಾ?" ಅಂದಳು. ಖರೆ ಅಂದೆ.

ಮನೆಗೆ ಬಂದು ಹೇಳಿದರೆ ಶಾಂಭವಿ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು ಅತ್ತಳು. ನಾನು ಸಂತೋಷಕ್ಕೆ ಅಂದುಕೊಂಡೆ.

"ನನಗ ಅಂಜಿಕಿ ಬರತೈತ್ರಿ. ಇಷ್ಟ ದಿನ ತೂಕ ಇಳದಿಲ್ಲಲ್ಲ, ಇನ್ನೂ ವ್ಯಾಳ್ಯಾ ಐತಿ ಅಂತ ಧೈರ್ಯ ಇತ್ತು. ಅಕ್ಕಾರೂ ಬೇಕು, ನೀವೂ ಬೇಕು. ನಿಮ್ಮನ್ನ ಕೊಯ್ಯಾಕ ಹೆಂಗ ಕಳಸಲಿ?"

ದಿನಾ ಬೆಳಗ್ಗೆ ನನ್ನನ್ನು ಎಬ್ಬಿಸಿ ಕೆರೆಗೆ ಎಳೆದುಕೊಂಡು ಹೋದವಳೂ ಇವಳೇ, ಎಣ್ಣೆ ಹನಿ ಎಣಿಸಿ ಹಾಕಿದವಳೂ ಇವಳೇ. ಅಂಜುತ್ತಲೇ ಇಷ್ಟೆಲ್ಲ ಮಾಡಿದಳೇ? ಅವಳನ್ನು ಒಮ್ಮೆಯೂ ಕೇಳಿರಲಿಲ್ಲ ನಾನು.

ಅಕ್ಟೋಬರ್ 6, ಸೋಮವಾರ

ಎಂಬತ್ತಾರೂವರೆ.

ಹುಬ್ಬಳ್ಳಿಯ ಕಾಟಾ ತಪ್ಪಿರಬೇಕು ಅಂತ ವಾದ ಮಾಡಿದೆ. ಇನ್ನೊಂದು ಕೋಣೆಯ ಕಾಟಾ ತಂದರು. ಅದೇ. ಚಪ್ಪಲಿ, ಬೆಲ್ಟು, ಕಿಸೆಯ ಕೀಲಿ ಎಲ್ಲ ತೆಗೆದು ನಿಂತೆ. ಅದೇ. ಡಾಕ್ಟರರು ಒಳ್ಳೆಯವರೇ, ಆದರೆ ಜಗ್ಗಲಿಲ್ಲ. "ಬಹಳ ಶ್ರಮ ಪಟ್ಟಿದ್ದೀರಿ. ಇನ್ನೊಂದು ತಿಂಗಳು ಬಿಟ್ಟು ಬನ್ನಿ. ಈ ತಿಂಗಳ ಸರದಿ ಬೇರೆಯವರಿಗೆ ಕೊಡಬೇಕಾಗುತ್ತದೆ."

ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು, ಹೊಸ ಸೀರೆ ಉಟ್ಟುಕೊಂಡು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಹೋಗ್ಲಿ ಬಿಡೋ. ಇಷ್ಟ ದಿನ ತಡದೇನಿ, ಇನ್ನೊಂದು ತಿಂಗಳ ತಡೀತೇನಿ," ಅಂದಳು. ಬಸ್ಸಿನಲ್ಲಿ ಗದಗಿನವರೆಗೂ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡಿರಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಅಂಗಡಿ ತೆರೆದ ಕೂಡಲೇ ಕಾಟಾ ಮೇಲೆ ನಿಂತೆ. "ಕೂಗು" ಅಂದೆ.

"ಎಂಬತ್ತನಾಕೂವರೀ…"

ನಿಂತಲ್ಲಿಂದಲೇ ಬಗ್ಗಿ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದೆ. ಮೊದಲಾದರೆ ಹೊಟ್ಟೆ ಅಡ್ಡ ಬಂದು ಬಗ್ಗಲು ಆಗುತ್ತಿರಲಿಲ್ಲ. ಕೆಂಪು ಅಂಕಿ ನಿಚ್ಚಳ: ಎಂಬತ್ತಾರೂವರೆ.

"ಇದೇನಲೇ ಹುಲಿಗೇಶಾ?"

"ಎಂಬತ್ತಾರೂವರಿರಿ."

"ಮತ್ತ ನೀ ಕೂಗಿದ್ದು?"

"ಸೂಟು ಬಿಟ್ಟು ಕೂಗೇನ್ರಿ." ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ನಾ ಕೆಲಸಕ್ಕ ಬಂದ ದಿನಾನ ನೀವ ಹೇಳೀರಲ್ರಿ, ಈ ಕಾಟಾ ಮ್ಯಾಲ ಏನ ಏರಿದ್ರೂ ಎರಡ ಕಿಲೋ ಬಿಟ್ಟ ಕೂಗಬೇಕಂತ."

ಬೈಯಬೇಕೆಂದು ಬಾಯಿ ತೆರೆದೆ. ಏನಂತ ಬೈಯಲಿ? ಮೊದಲ ದಿನವೇ ಎರಡು ಕಿಲೋ ಇಳಿಯಿತು ಅಂತ ಕುಣಿದವನು ನಾನೇ. ಮನೆಗೆ ಬಂದು ಶಾಂಭವಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. "ಹಳ್ಳಿಯಿಂದ ಮಾಲ ತಂದಾವ್ರಿಗೂ ಹಿಂಗ ಆಗಿರ್ತೈತೇನ್ರಿ, ಮನಿಗೆ ಹೋಗಿ ತೂಕ ಹೇಳೋ ಮುಂದ?" ಅಂತ ಮಾತ್ರ ಕೇಳಿದಳು.

ಅಕ್ಟೋಬರ್ 13, ಸೋಮವಾರ

ಯಂಕಪ್ಪ ಶೇಂಗಾ ತಂದಿದ್ದ. "ಕಾಟಾ ಏನ ತೋರಸ್ತೈತಿ ಅದನ್ನ ಕೂಗು," ಅಂದೆ ಹುಲಿಗೇಶನಿಗೆ. ಅವನು ಎರಡು ಸಲ ನನ್ನ ಮುಖ ನೋಡಿ ಕೂಗಿದ. ಡಬ್ಬಿಯನ್ನೂ ಹೊರಗೆ ಮುಖ ಮಾಡಿ ಇರಿಸಿದೆ.

ಯಂಕಪ್ಪನಿಗೆ ಖುಷಿಯಾಗುತ್ತದೆ ಅಂದುಕೊಂಡರೆ ಅವನಿಗೆ ಗಾಬರಿ. "ಯಾಕ್ರಿ ಸಾವಕಾರ್ರ, ಬಾಳ ಸೊರಗೀರಿ. ಮೈಯಾಗ ಆರಾಮ ಐತಿಲ್ರಿ?"

ವಿಶೇಷ ಕಾರಣವೇನಿಲ್ಲ. ನನಗೊಂದು ತರಹ, ಚೀಲಕ್ಕೊಂದು ತರಹ ಕೂಗಲು ಹೋದರೆ ಹುಲಿಗೇಶನಿಗೆ ಗೊಂದಲವಾಗುತ್ತದೆ, ಅದಕ್ಕೇ. ಪಕ್ಕದ ಅಂಗಡಿಯವರು ಮುಖ ಸಿಂಡರಿಸಿದ್ದಾರೆ.

ಅಕ್ಟೋಬರ್ 19, ಭಾನುವಾರ

ಅಕ್ಕನ ಪುಪ್ಪುಸದಲ್ಲಿ ನೀರು ತುಂಬಿ ನಸುಕಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ. ಬಾಯಿಗೆ ಗಾಳಿಯ ಮುಸುಕು ಹಾಕಿದ್ದಾರೆ. ಮಾವ ಪುಂಡಲೀಕಪ್ಪ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದ. "ರಾತ್ರಿ ನೀರಡಿಕಿ ತಡೀಲಿಲ್ಲ ಆಕಿಗೆ. ಎದ್ದು ಹೋಗಿ ಕುಡದಾಳ," ಅಂದ.

ಈ ಹೊತ್ತಿಗೆ ಆಪರೇಷನ್ ಮುಗಿದಿರಬೇಕಿತ್ತು. ಎರಡು ಕಿಲೋ ಸರಿಯಾಗಿ ಕೂಗಿಸಿದ್ದರೆ ಮುಗಿದಿರುತ್ತಿತ್ತು. ನನ್ನ ಮೇಲೆ ನನಗೆ ಅಸಹ್ಯವಾಗುತ್ತಿದೆ. ಹಸಿವೆ ಅಂತ ಇಷ್ಟು ಪುಟ ಬರೆದೆನಲ್ಲ, ಹಸಿವೆ ಕೂತರೆ ಹೋಗುತ್ತದೆ. ನೀರಡಿಕೆ ಹೋಗುವುದಿಲ್ಲ.

ಶಾಂಭವಿ ಅಕ್ಕನ ಪಾದ ಒತ್ತುತ್ತಾ ಕೂತಿದ್ದಳು. ಹೊರಗೆ ಬಂದು, "ಕೊಡ್ರಿ. ಇನ್ನ ನಾ ಅಳಂಗಿಲ್ಲ," ಅಂದಳು. ಅಂದವಳೇ ಅತ್ತಳು.

ಅಕ್ಟೋಬರ್ 26, ಭಾನುವಾರ

ಅಕ್ಕ ಮನೆಗೆ ಬಂದಳು. ದೀಪಾವಳಿ ಹೇಗೆ ಹೋಯಿತೋ ಗೊತ್ತಿಲ್ಲ. ಬೆಳಗ್ಗೆ, ಸಂಜೆ, ಎರಡೂ ಹೊತ್ತು ಕೆರೆ.

ನವೆಂಬರ್ 3, ಸೋಮವಾರ

ಹುಬ್ಬಳ್ಳಿ. ನರ್ಸ್ ಹೇಳುವ ಮೊದಲೇ ಬಗ್ಗಿ ನಾನೇ ನೋಡಿದೆ. ಎಂಬತ್ನಾಲ್ಕು. ಡಾಕ್ಟರರು ದಿನ ಗೊತ್ತು ಮಾಡಿದರು.

ನವೆಂಬರ್ 28, ಶುಕ್ರವಾರ

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಆಪರೇಷನ್ ಸೋಮವಾರ ಆಯಿತು. ಮೂತ್ರಪಿಂಡದ ತೂಕ ಎಷ್ಟು ಅಂತ ಡಾಕ್ಟರರನ್ನು ಕೇಳಿದೆ. ನೂರೈವತ್ತು ಗ್ರಾಂ ಇರಬಹುದಂತೆ. ಅಷ್ಟೇನಾ! ಅಂಗಡಿಯಲ್ಲಿ ಅಷ್ಟು ಶೇಂಗಾ ನೆಲಕ್ಕೆ ಚೆಲ್ಲಿದರೆ ಗುಬ್ಬಿಗೆ ಬಿಡುತ್ತೇವೆ.

ಇವತ್ತು ಶಾಂಭವಿಯ ಹೆಗಲು ಹಿಡಿದು ಅಕ್ಕನ ಕೋಣೆಯವರೆಗೆ ನಡೆದೆ. ಬಾಯಿಗೆ ಬಟ್ಟೆ ಕಟ್ಟಿಸಿ ಬಾಗಿಲಲ್ಲೇ ನಿಲ್ಲಿಸಿದರು. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು, ಮುಖದ ಬಾವು ಇಳಿದು ನಮ್ಮ ಹಳೆಯ ಅಕ್ಕನ ಹಾಗೆ ಕಾಣುತ್ತಿದ್ದಳು. ಕೈಯಲ್ಲಿ ಅದೇ ಸಣ್ಣ ಲೋಟ.

"ನೀರು ಕುಡೀರಿ ಅಮ್ಮಾರ," ಅಂದಳು ನರ್ಸ್.

"ಎಷ್ಟು?"

"ಬೇಕಾದಷ್ಟು ಕುಡೀರಿ. ಹೆಚ್ಚು ಕುಡದಷ್ಟೂ ಚಲೋ."

ಅಕ್ಕ ಅವಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಲೋಟವನ್ನು ಬೋರಲು ಹಾಕಿ ಪಕ್ಕಕ್ಕಿಟ್ಟಳು. "ಶಾಂಭವಿ, ತಂಬಿಗಿ ಐತೇನವಾ?" ಅಂದಳು.

ಶಾಂಭವಿ ನಮ್ಮ ಕೋಣೆಯಿಂದ ತಂಬಿಗೆ ತುಂಬಿ ತಂದು ಬಾಗಿಲಲ್ಲಿ ಕೊಟ್ಟಳು, ನರ್ಸ್ ಅಕ್ಕನ ಕೈಗೆ ಕೊಟ್ಟಳು. ಅಕ್ಕ ತಲೆ ಹಿಂದಕ್ಕೆ ಹಾಕಿ, ತಂಬಿಗೆ ಎತ್ತಿ ಕುಡಿದಳು. ಗಂಟಲು ಏರಿ ಇಳಿಯುವುದು ಬಾಗಿಲಿನವರೆಗೂ ಕಾಣುತ್ತಿತ್ತು. ನೀರು ಗದ್ದದ ಮೇಲೆ, ಕೊರಳ ಮೇಲೆ ಹರಿಯಿತು. ಒರೆಸಿಕೊಳ್ಳಲಿಲ್ಲ, ನಿಲ್ಲಿಸಲೂ ಇಲ್ಲ. ತಂಬಿಗೆ ಖಾಲಿ ಮಾಡಿ ಕೆಳಗಿಟ್ಟು, ಉಸಿರು ಬಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಉಂಡೇನಲೇ ಚನ್ನಾ?" ಅಂದಳು.

ಉಂಡಿರಲಿಲ್ಲ. ಉಂಡೆನವ್ವಾ ಅಂದೆ.